ಹಾವಸೆ ಕಟ್ಟಿದ ಕಲ್ಲು

ಪಾಲಬಾವಿಯ ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿದೆ. ಮಾವನವರು ಎಂದೋ ಘಟಪ್ರಭೆಯ ಆಚೆಯ ಸುಣ್ಣಕಲ್ಲಿನ ಕ್ವಾರಿಯಿಂದ ಟ್ರ್ಯಾಕ್ಟರಿನಲ್ಲಿ ತಂದದ್ದು. ಸೊಸೆಯಾಗಿ ಬಂದ ನಾನು ವರ್ಷಗಟ್ಟಲೆ ಅದರ ಮೇಲೆ ಸೀರೆ ಕುಕ್ಕಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳಾದರೂ ಅದನ್ನು ಕಣ್ಣಿಟ್ಟು ನೋಡಿದವಳಲ್ಲ. ಹೋದ ವರ್ಷ ಶಿಕ್ಷಕರ ತರಬೇತಿಯಲ್ಲಿ ಪಳೆಯುಳಿಕೆಯ ಚಿತ್ರವೊಂದನ್ನು ತೋರಿಸಿದರು. ಉಳ್ಳಾಗಡ್ಡಿ ಕೊಯ್ದಂತೆ ಸುತ್ತು ಸುತ್ತು ಗೆರೆ. ನಮ್ಮ ಒಗೆಯುವ ಕಲ್ಲಿನ ಮೇಲಿರುವಂಥದ್ದೇ; ಕುಳಿತಲ್ಲೇ ನಕ್ಕುಬಿಟ್ಟೆ. ಮನೆಗೆ ಬಂದು ನಮ್ಮ ಕಲ್ಲಿನ ಫೋಟೊವನ್ನು ತರಬೇತಿ ಕೊಟ್ಟವರಿಗೆ ಕಳಿಸಿದೆ. ಅದೇ ಇದು ಎಂದು ಉತ್ತರ ಬಂತು.

ನೂರು ಕೋಟಿ ವರ್ಷಕ್ಕೂ ಹಿಂದೆ, ಆಳವಿಲ್ಲದ ಸಮುದ್ರದಲ್ಲಿ ಕಣ್ಣಿಗೆ ಕಾಣದ ಜೀವಿಗಳು ಲೋಳೆಯಾಗಿ ಹರಡಿ, ಮೇಲೆ ಬಿದ್ದ ಹೂಳನ್ನು ಹಿಡಿದಿಟ್ಟು, ಮತ್ತೆ ಅದರ ಮೇಲೆ ಬೆಳೆದು, ಪದರ ಪದರವಾಗಿ ಕಟ್ಟಿದ ಕಲ್ಲು ಅದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹಾವಸೆ, ಪಾಚಿ.

ಇದನ್ನು ಅತ್ತೆಗೆ ಹೇಳಿದ್ದೇ ತಪ್ಪಾಯಿತು. ಮಳೆಗಾಲದಲ್ಲಿ ಅವರು ಆ ಕಲ್ಲಿನ ಮೇಲಿನ ಹಾವಸೆಗೆ ಕಾಲು ಜಾರಿ ಬಿದ್ದು ಕೈ ಮುರಿದುಕೊಂಡಿದ್ದರು. ಅದನ್ನು ಒಡೆದು ಹೊಸ ಬಚ್ಚಲಿನ ಪಾಯಕ್ಕೆ ತುಂಬಿಸಲು ಗಾರೆ ಕೆಲಸದ ಗೌಂಡಿಯನ್ನು ಕರೆಸಿಯೂ ಆಗಿತ್ತು.

“ಮ್ಯಾಲಿನ ಹಾವಸಿ ತಿಕ್ಕಿ ತಿಕ್ಕಿ ನನ್ನ ರಟ್ಟಿ ಬಿದ್ದುಹೋದುವು. ಈಗ ಒಳಗೂ ಹಾವಸೀನ ಐತಿ ಅಂತೀಯಲ್ಲ,” ಎಂದರು. “ಒಡಸಿಬಿಡೂಣು.”

“ಒಡಿಯಾಕ ಬಿಡೂದಿಲ್ರಿ ಅತ್ತಿ.”

ಅವರಿಗೆ ಎಂದೂ ಎದುರು ಮಾತಾಡಿರಲಿಲ್ಲ. ಆದರೂ ಸೆರಗು ಸಿಕ್ಕಿಸಿ ಕಲ್ಲಿನ ಮೇಲೆ ಹತ್ತಿ ಕುಳಿತೆ. ಕೆಲಸ ಕೆಟ್ಟರೆ ಕೆಡಲಿ, ಏಳುವುದಿಲ್ಲ ಎಂದುಕೊಂಡೆ. ಗೌಂಡಿ ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚಿದ. ನನ್ನ ಗಂಡ ಬಾಗಿಲಲ್ಲಿ ಇಣುಕಿ, ಏನೂ ಕಾಣದವರಂತೆ ಕಬ್ಬಿನ ಹೊಲದ ಕಡೆ ನಡೆದರು.

ಅತ್ತೆಯೂ ಸೋಲುವವರಲ್ಲ, ಎದುರಿಗೇ ಕುಳಿತರು. ಬಹಳ ಹೊತ್ತಿನ ಮೇಲೆ ಅವರ ಕಣ್ಣು ಗೆರೆಗಳ ಮೇಲೆ ನಿಂತಿತು.

“ಇಷ್ಟ ದಪ್ಪ ಹೆಂಗ ಬೆಳೀತ ಇದು? ಯಾರೂ ತಿಕ್ಕಲಿಲ್ಲೇನ?”

“ಆವಾಗ ಮನಷ್ಯಾರ ಇರಲಿಲ್ರಿ. ಮೇಯಾಕ ದನ ಇಲ್ಲ, ಹುಳಾ ಇಲ್ಲ. ಇಂಥಾ ಸಣ್ಣ ಜೀವಾ ಅಷ್ಟ ಇದ್ದುವು. ನಾವು ಉಸರಾಡೂ ಗಾಳೀನೂ ಇಂಥಾವ ಮಾಡಿದ್ದು.”

“ನಮಗಿಂತ ಮೊದಲ?”

“ಎಲ್ಲಾರಿಗಿಂತ ಮೊದಲರಿ.”

ಅತ್ತೆ ಮುರಿದು ಕೂಡಿದ ಕೈಯನ್ನು ನೆಲಕ್ಕೂರಿ ನಿಧಾನವಾಗಿ ಎದ್ದರು.

“ಪಾಯಾಕ ಬ್ಯಾರೆ ಕಲ್ಲ ತರ್ತೀವಿ, ನಾಳೆ ಬಾರಪಾ,” ಎಂದು ಗೌಂಡಿಯನ್ನು ಕಳಿಸಿ ನನ್ನತ್ತ ತಿರುಗಿದರು.

“ಇಳಿ ಕೆಳಗ. ಅದರ ಮ್ಯಾಲೆ ಕುಂಡರತಾರೇನ?”