ಜರ್ಮನ್ ನಟನಿಗೆ ಕಾಕಾ ಮಾಡಿದ ಆಯೇರಿ

ಗಾಂಧಿ ಚೌಕದಲ್ಲಿ ಚಹಾ ಕುಡಿಯುವಾಗ ಯಾರಾದರೂ ಆ ಸಿನಿಮಾದ ಮಾತೆತ್ತಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನಾಟಕ ಕಂಪನಿಗಳಲ್ಲಿ ಫೌಜದಾರನ ಪಾರ್ಟು ಮಾಡಿಯೇ ತಲೆ ನೆರೆತವನು ನಾನು. ತಿಕೋಟಾದ ನಮ್ಮ ಕಾಕಾನ ದ್ರಾಕ್ಷಿ ತೋಟಕ್ಕೆ ಪರದೇಶದ ಸಿನಿಮಾದವರು ಬಂದಾಗ ನನಗೊಂದು ಆಳಿನ ವೇಷ ಸಿಕ್ಕಿತು. ಧಣಿಯ ವೇಷಕ್ಕೆ ಬಂದವನು ಜರ್ಮನಿಯ ಮುದುಕ ನಟ.

ಅವನೂ ನನ್ನಂಥವನೇ. ಬದುಕಿಡೀ ಪೊಲೀಸ, ಪಾದ್ರಿ, ಬಾಗಿಲು ತೆರೆಯುವ ಆಳು. "ನಮ್ಮಲ್ಲಿ ಎಲ್ಲರಿಗೂ ನನ್ನ ಮುಖ ಗೊತ್ತು, ಹೆಸರು ಗೊತ್ತಿಲ್ಲ" ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿ ಕೆಮ್ಮಿದ. ಶ್ವಾಸಕೋಶ ಕೆಟ್ಟಿತ್ತು, ಇನ್ನು ಸಿನಿಮಾ ಸಾಕೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಇದರಲ್ಲಿ ಮಾತ್ರ ಅವನಿಗೊಂದು ಉದ್ದನೆಯ ದೃಶ್ಯವಿತ್ತು: ಬಳ್ಳಿಗಳ ನಡುವೆ ಕುಳಿತು, ಸತ್ತ ಮಗಳೊಡನೆ ಮಾತಾಡುತ್ತ ಪ್ರಾಣ ಬಿಡುವುದು. ಕ್ಯಾಮೆರಾ ನಿಲ್ಲಿಸದೆ ಒಂದೇ ಏಟಿಗೆ ತೆಗೆಯಬೇಕು. "ಇದೊಂದು ಉಳಿದರೆ ಸಾಕು" ಎಂದಿದ್ದ.

ಸಂಜೆ ಶುರು ಮಾಡಿದ. ಅಬ್ಬಬ್ಬಾ! ಭಾಷೆ ಒಂದಕ್ಷರ ತಿಳಿಯದಿದ್ದರೂ ದ್ರಾಕ್ಷಿ ಕೊಯ್ಯುವ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವನ ಕೈ ಹಿಡಿದು ಕುಳಿತಿದ್ದ ನಾನು ವೇಷ ಮರೆತು ಅತ್ತೆ.

ನಮ್ಮ ಕಡೆ ನಾಟಕದಲ್ಲಿ ಯಾವನಾದರೂ ಮಂದಿಯನ್ನು ಅಳಿಸಿದನೆಂದರೆ, ಮೆಚ್ಚಿದವರು ಆಗಲೇ ಸ್ಟೇಜು ಹತ್ತಿ ಆಯೇರಿ ಮಾಡುತ್ತಾರೆ. ಟಾವೆಲ್ ಹೊದಿಸುತ್ತಾರೆ, ಹಾರ ಹಾಕುತ್ತಾರೆ. ಸಾಯುತ್ತಿದ್ದವನು ಎದ್ದು ಕೈಮುಗಿದು ಮತ್ತೆ ಸಾಯುತ್ತಾನೆ. ಕಾಕಾ ಮಾಡಿದ್ದೂ ಅದನ್ನೇ. ಮಾತು ಮುಗಿಯುವ ಮೊದಲೇ ಕ್ಯಾಮೆರಾದ ಮುಂದೆ ಹಾದುಬಂದು ಮುದುಕನಿಗೆ ಹೊಸ ಟಾವೆಲ್ ಹೊದಿಸಿದ.

"ಭೇಷ್ ಬಿಡ್ರಿ ಯಪ್ಪಾ! ಕರುಳ ಕಿತ್ತ ಬಂತ ನೋಡ್ರಿ!"

"ಏ ಕಾಕಾ, ಎಂಥಾ ಕೆಲಸಾ ಮಾಡಿದ್ಯೋ ಮಾರಾಯಾ!" ಎಂದು ಕಿರುಚಿದೆ.

"ಯಾಕಲೇ? ಇಂಥಾ ಪಾರ್ಟ್ ಮಾಡಿದವಗ ಆಯೇರಿ ಮಾಡ್ಲಿಲ್ಲಂದ್ರ ಮಂದಿ ಏನಂದಾರು?"

ಮುದುಕ ಬೈಯಲಿಲ್ಲ. ಆಯೇರಿ ಎಂದರೇನೆಂದು ನಾನು ತಿಳಿಸಿದಾಗ ಟಾವೆಲಿನ ಅಂಚನ್ನು ಸವರುತ್ತ, "ನನಗೆ ಯಾರೂ ಹೀಗೆ ಮಾಡಿರಲಿಲ್ಲ" ಎಂದ. ಮತ್ತೆ ಶುರು ಮಾಡಿದ. ಕೆಮ್ಮು ಬಿಡಲಿಲ್ಲ. ಮರುದಿನ ಎರಡು ಮಾತಿಗೇ ಉಸಿರು ಸಾಲದಾಯಿತು. ಆ ದೃಶ್ಯ ಪೂರಾ ಆಗದೆಯೇ ಸಿನಿಮಾದವರು ಗಂಟುಮೂಟೆ ಕಟ್ಟಿದರು.

ಸಿನಿಮಾ ಬಂದ ದಿನ ಕಾಕಾ ಜಮಖಾನೆ ಹಾಸಿ ಓಣಿಯವರನ್ನೆಲ್ಲ ಟಿವಿ ಮುಂದೆ ಕೂಡಿಸಿದ್ದ. ಮುದುಕ ಒಂದು ಸಲ ಬಾಗಿಲು ತೆರೆದ, ಪಕ್ಕಕ್ಕೆ ಸರಿದ, ಅಷ್ಟೇ. ತೆರೆಯ ಮೇಲೆ ಹೆಸರುಗಳು ಏರತೊಡಗಿದವು. ಓಣಿಯವರು ಎದ್ದರೂ ಕಾಕಾ ಏಳಲಿಲ್ಲ.

"ಲೇ, ನಮ್ಮ ಅಜ್ಜ ಸಾಯೂದು ಇನ್ನೂ ಬರಲಿಲ್ಲಲ್ಲೋ?"

ಮುದುಕ ತನ್ನೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ನನಗೆ ಹಿಂದಿನ ವಾರವೇ ಬಂದಿತ್ತು.

"ತಡಿ ಕಾಕಾ, ಬರತೈತಿ" ಎಂದೆ.