ಮೂರನೆಯ ಮಹಡಿಯವರೆಗೆ

ನಮ್ಮಣ್ಣ ದಿನಾ ಬೆಳಿಗ್ಗೆ ಇನ್ನೂರು ಬೈಠಕ್ ಹೊಡೆಯುತ್ತಿದ್ದ. ಊರಿನ ಗರಡಿಯಲ್ಲಿ ಕಲಿತದ್ದು. ಬಾಲಾನಗರದ ಕಾರ್ಖಾನೆಯೊಂದಕ್ಕೆ ಫಿಟ್ಟರ್ ಆಗಿ ಬಂದ ಮೇಲೂ ಬಿಡಲಿಲ್ಲ. ಎಣಿಸುವ ಕೆಲಸ ನನ್ನದು. ಅವನು ಉಸಿರು ಬಿಗಿಹಿಡಿದು ಕುಕ್ಕರಿಸಿ ಏಳುತ್ತಿದ್ದ, ನಾನು ಗೋಡೆಗೆ ಒರಗಿ ಜೋರಾಗಿ ಎಣಿಸುತ್ತಿದ್ದೆ. ಮುಗಿದ ಮೇಲೆ ತೊಡೆ ತಟ್ಟಿ ತೋರಿಸುತ್ತಿದ್ದ.

ಮೆಹದಿಪಟ್ಟಣಂನಲ್ಲಿ ಅಣ್ಣ, ಅವನ ಹೆಂಡತಿ ವೈನಿ, ನಾನು ಮೂರನೆಯ ಮಹಡಿಯಲ್ಲಿದ್ದೆವು. ಸಾಫ್ಟ್‌ವೇರ್ ಕೆಲಸದವರು ಬಾಡಿಗೆಗೆ ಬರತೊಡಗಿದ ಮೇಲೆ ಮಾಲೀಕರು ಲಿಫ್ಟ್ ಹಾಕಿಸುವ ಮಾತಾಡುತ್ತಿದ್ದರು, ಹಾಕಿಸಿರಲಿಲ್ಲ. ಅದೇ ವರ್ಷ ಎದುರಿಗೆ ಜಿಮ್ ಬಂತು. ಗಾಜಿನಾಚೆ ಓಡುವ ಯಂತ್ರದ ಮೇಲೆ ಜನ ಬೆವರುವುದನ್ನು ಅಣ್ಣ ಚಹಾ ಕುಡಿಯುತ್ತ ನೋಡುತ್ತಿದ್ದ.

"ನೋಡಲೇ ತಮ್ಮಾ, ತಾಸಗಟ್ಲೆ ಓಡ್ಯಾನ, ಇನ್ನೂ ಅಲ್ಲೇ ಅದಾನ. ಅವೇನು ಕಾಲೋ, ಕಡ್ಡಿಯೋ."

"ಅವಗ ತೇಕು ಹತ್ತಿಲ್ಲ ನೋಡ್ರಿ," ಎಂದರು ವೈನಿ. "ನಿಮಗ ಎರಡನೇ ಮಹಡಿಗೇ ಹತ್ತತೈತಿ."

ನಿಜವಿತ್ತು. ಆ ಬೇಸಿಗೆಯಲ್ಲಿ ಅಣ್ಣ ಎರಡನೆಯ ಮಹಡಿಯ ತಿರುವಿನಲ್ಲಿ ಎದೆ ಒತ್ತಿಕೊಂಡು ನಿಲ್ಲತೊಡಗಿದ್ದ. ಕಾಲಿನ ಕಸುವು ಕಡಿಮೆಯಾಗಿದೆ ಎಂದೇ ಅವನು ತಿಳಿದ. ನಾನೂ ಹಾಗೇ ತಿಳಿದೆ. ಇನ್ನೂರಿದ್ದದ್ದು ಮುನ್ನೂರಾಯಿತು. ಅದನ್ನೂ ನಾನೇ ಎಣಿಸಿದೆ.

ಒಂದು ಸಂಜೆ ಕೆಳಗೆ ವಾಚ್‌ಮನ್ ಜೊತೆ ಅವನು ಮಾತಾಡಿದ್ದು ಕೇಳಿಸಿತು. ಆಮೇಲೆ ಹೆಜ್ಜೆ ಸಪ್ಪಳ. ನಡುವೆ ಅದು ನಿಂತಿತು. ದಿನಾ ನಿಲ್ಲುತ್ತಿದ್ದನಲ್ಲ, ನಾನು ಕೂತಲ್ಲಿಂದ ಏಳಲಿಲ್ಲ. ಚಹಾ ಆರಿತೆಂದು ವೈನಿ ಇಳಿದು ಹೋದರು. ತಿರುವಿನಲ್ಲಿ ಅಣ್ಣ ಗೋಡೆಗೆ ಒರಗಿ ಕೂತಿದ್ದ, ಊಟದ ಡಬ್ಬಿಯ ಚೀಲ ತೊಡೆಯ ಮೇಲಿತ್ತು. ಎಷ್ಟು ಕೂಗಿದರೂ ಓಗೊಡಲಿಲ್ಲ. ನಾಲ್ಕು ಜನ ಹೊತ್ತು ಇಳಿಸುವಾಗ ಕಾಲು ಹಿಡಿದವನು ನಾನು. ಆ ಭಾರ ಇನ್ನೂ ನನ್ನ ಕೈಯಲ್ಲಿದೆ.

ಅಣ್ಣನ ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ನನಗೆ ಮೆಟ್ಟಿಲಿನ ಭಯ ಹತ್ತಿತು. ಪ್ರತಿ ತಿರುವಿನಲ್ಲಿ ನಿಂತು ನಾಡಿ ಹಿಡಿದು ನೋಡಿಕೊಳ್ಳುತ್ತಿದ್ದೆ. ಹಿಡಿದಷ್ಟೂ ಅದು ಜೋರಾಗುತ್ತಿತ್ತು. ಒಂದು ದಿನ ತರಕಾರಿ ಚೀಲ ಹಿಡಿದು ಕೆಳಗಿನ ಮೆಟ್ಟಿಲಲ್ಲೇ ಕೂತುಬಿಟ್ಟೆ. ವೈನಿ ಇಳಿದು ಬಂದರು, ಏನೂ ಕೇಳದೆ ಆಟೋ ಕರೆದು ಡಾಕ್ಟರ ಹತ್ತಿರ ಕರೆದೊಯ್ದರು.

ಅಲ್ಲಿ ಅಂಥದೇ ಓಡುವ ಯಂತ್ರದ ಮೇಲೆ, ಎದೆಗೆ ತಂತಿ ಅಂಟಿಸಿ ನನ್ನನ್ನು ನಡೆಸಿದರು. ದೋಷವೇನೂ ಕಾಣಲಿಲ್ಲ. ಡಾಕ್ಟರು ಅರ್ಧ ತೆಲುಗು, ಅರ್ಧ ಹಿಂದಿಯಲ್ಲಿ ತಿಳಿಸಿ ಹೇಳಿದರು. ಬೈಠಕ್‌ನಿಂದ ತೊಡೆ ಬಲಿಯುತ್ತದೆ, ಆದರೆ ಉಸಿರು ಬಿಗಿಹಿಡಿಯಬಾರದು. ಹೃದಯ ಪಳಗಬೇಕಾದರೆ ಬಿಡದೆ ಅರ್ಧ ತಾಸು ಚುರುಕಾಗಿ ನಡೆಯಬೇಕು, ಮೊಣಕಾಲು ನೋಯುವವರು ಸೈಕಲ್ ತುಳಿಯಬಹುದು. ಮೆಟ್ಟಿಲು ಹತ್ತಿದರೆ ಕಾಲಿಗೂ ಉಸಿರಿಗೂ ಕೆಲಸ, ಆದರೆ ಹತ್ತುವಾಗ ಮಾತಾಡಲು ಬರುವಷ್ಟು ನಿಧಾನವಿರಲಿ.

"ಆದರೆ ಎದೆ ಹಿಡಿದರೆ ವ್ಯಾಯಾಮ ಹೆಚ್ಚಿಸಬೇಡಿ. ಅವತ್ತೇ ಇಲ್ಲಿಗೆ ಬನ್ನಿ."

ವೈನಿ ಹೊರಗೆ ಕೂತಿದ್ದರು. ಮಾತಾಡುತ್ತ ಹತ್ತುವ ವಿಷಯ ಅವರಿಗೆ ಹೇಳಿದೆ. ಡಾಕ್ಟರ ಈ ಕೊನೆಯ ಮಾತನ್ನು ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ.

ಈಗ ಬೆಳಿಗ್ಗೆ ನಡೆದು ಬಂದು ಕೆಳಗೆ ನಿಲ್ಲುತ್ತೇನೆ. ವೈನಿ ಮೇಲೆ ಬಾಗಿಲು ತೆರೆದು ಕಾಯುತ್ತಾರೆ. ಮೊದಲ ದಿನ, "ಒಬ್ಬನ ಏನ ಮಾತಾಡ್ಲಿರಿ?" ಎಂದು ಕೂಗಿ ಕೇಳಿದ್ದೆ.

ಮೇಲಿನಿಂದ ವೈನಿಯ ದನಿ ಬಂತು.

"ಎಣಸ್ರಿ. ಅದು ನಿಮಗ ಬರತೈತಲ್ಲ."

ಚುಚ್ಚಿದ್ದೋ, ದಾರಿ ತೋರಿಸಿದ್ದೋ ತಿಳಿಯಲಿಲ್ಲ. ಒಂದರಿಂದ ಶುರು ಮಾಡಿದೆ. ಆ ತಿರುವಿಗೆ ಮೂವತ್ತಾರು ಮೆಟ್ಟಿಲು. ಅಲ್ಲಿ ಇವತ್ತಿಗೂ ನನ್ನ ದನಿ ನಿಲ್ಲುತ್ತದೆ, ಏದುಸಿರಿನಿಂದಲ್ಲ. ಕೂಡಲೇ ಮೇಲೆ ಚಪ್ಪಲಿಯ ಸಪ್ಪಳ. ವೈನಿ ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದು ಬಗ್ಗುತ್ತಾರೆ.

"ಯಾಕ ನಿಂತ್ರಿ?"

"ಹತ್ತಾಕತ್ತೀನಿರಿ ವೈನಿ," ಎನ್ನುತ್ತೇನೆ. ಅವರಿಗೆ ಕೇಳುವಷ್ಟು ಜೋರಾಗಿ ಮೂವತ್ತೇಳು ಎನ್ನುತ್ತೇನೆ.