ಎಡಗಡೆಯ ಬುಷ್

ಒಂದೇ ವರ್ಷದಲ್ಲಿ ಮೂರನೆಯ ಬುಷ್ ಸವೆದುಹೋದಾಗ ನನಗೆ ಮೆಷಿನ್ನಿನ ಮೇಲೆ ಸಿಟ್ಟು ಬರಲಿಲ್ಲ, ಅದನ್ನು ಓಡಿಸುವವರ ಮೇಲೆ ಬಂತು. ನನ್ನ ಸಿಟ್ಟೇ ಹಾಗೆ. ಕಬ್ಬಿಣವನ್ನು ಬೈದರೆ ಅದಕ್ಕೇನು ನಾಟುತ್ತದೆ ಅಂತ ಮನುಷ್ಯರನ್ನು ಹುಡುಕಿಕೊಂಡು ಹೋಗುತ್ತದೆ.

ಆಲೂರಿನಲ್ಲಿ ನಮ್ಮದೊಂದು ಸಣ್ಣ ಪ್ರೆಸ್ಸು. ಇದ್ದದ್ದು ಮೋಟಾರಿನಲ್ಲಿ ಓಡುವ ಒಂದೇ ಟ್ರೆಡಲ್ ಮೆಷಿನ್. ಮದುವೆ ಕಾಗದ, ಎಸ್ಟೇಟುಗಳ ಹಾಜರಿ ಪುಸ್ತಕ, ಕಾಫಿ ತೂಕದ ಚೀಟಿ, ನಾವು ಅಚ್ಚು ಹಾಕಿದ ಸಾಹಿತ್ಯ ಇಷ್ಟೇ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಅಪ್ಪನ ಕಣ್ಣು ಮಂಜಾಗಿ ಅವರು ಮನೆ ಹಿಡಿದ ಮೇಲೆ ಅವರ ಕುರ್ಚಿಯಲ್ಲಿ ನಾನು ಕೂತೆ. ಹೆಣ್ಣುಹುಡುಗಿ ಪ್ರೆಸ್ ನಡೆಸ್ತಾಳಂತೆ ಅಂತ ನೋಡುವುದಕ್ಕೇ ಕೆಲವರು ಬಂದು ಹೋಗುತ್ತಿದ್ದರು. ಮೆಷಿನ್ ಓಡಿಸುತ್ತಿದ್ದವರು ಮಗ್ಗೆ ಊರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬರು, ಐವತ್ತು ದಾಟಿದವರು. ಅಪ್ಪನ ಕಾಲದಿಂದ ಹದಿನೆಂಟು ವರ್ಷ ಅದೇ ಜಾಗದಲ್ಲಿ ನಿಂತು ಹಾಳೆ ಕೊಟ್ಟವರು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ಅಮ್ಮಣ್ಣಿ ಅನ್ನುತ್ತಿದ್ದರು.

ಬುಷ್ ಅಂದರೆ ಬಳೆಯಂಥ ಒಂದು ಗನ್‌ಮೆಟಲ್ ತುಂಡು. ಎಡಕ್ಕೊಂದು, ಬಲಕ್ಕೊಂದು ಇರುತ್ತವೆ. ಮೆಷಿನ್ನಿನ ದೊಡ್ಡ ಶಾಫ್ಟು ಅವುಗಳೊಳಗೆ ಕೂತು ತಿರುಗುತ್ತದೆ. ಬುಷ್ ಸವೆದರೆ ಶಾಫ್ಟು ಅಲುಗಾಡುತ್ತದೆ, ಟಕ್ ಟಕ್ ಅಂತ ಸದ್ದು ಶುರುವಾಗುತ್ತದೆ, ಅಚ್ಚು ಒಂದು ಕಡೆ ಕಪ್ಪಗೆ, ಇನ್ನೊಂದು ಕಡೆ ಮಸುಕಾಗಿ ಬೀಳುತ್ತದೆ. ಹುಡುಗಿಯ ಹೆಸರು ದಪ್ಪಗೆ ಮೂಡಿ ಹುಡುಗನ ಹೆಸರು ಕಾಣದೇ ಹೋದ ಕಾಗದ ಹಿಡಿದುಕೊಂಡು ಪಾಳ್ಯದವರೊಬ್ಬರು ಜಗಳಕ್ಕೇ ಬಂದಿದ್ದರು. ಅಪ್ಪನ ಕಾಲದಲ್ಲಿ ಒಂದು ಜೊತೆ ಬುಷ್ ಎಂಟು ಹತ್ತು ವರ್ಷ ಬರುತ್ತಿತ್ತು. ನಾನು ಕೂತ ಮೇಲೆ ಬಲಗಡೆಯದು ಗಟ್ಟಿಯಾಗಿಯೇ ಇತ್ತು, ಎಡಗಡೆಯದು ಮಾತ್ರ ನಾಲ್ಕು ತಿಂಗಳಿಗೊಂದರಂತೆ ಹೋಗುತ್ತಿತ್ತು.

ಮೊದಲನೆಯದು ಹೋದಾಗ ಲೋಹ ಸರಿಯಿಲ್ಲ ಅಂದೆ. ಹಾಸನದ ಲೇತಿನವನನ್ನು ಬಿಟ್ಟು ಸಕಲೇಶಪುರದವನ ಹತ್ತಿರ ಮಾಡಿಸಿದೆ. ಎರಡನೆಯದು ಹೋದಾಗ ಬೆಲ್ಟು ಬಿಗಿಯಾಗಿದೆ ಅಂತ ಸಡಿಲ ಮಾಡಿಸಿದೆ, ನೆಲ ವಾಲಿದೆಯೇನೋ ಅಂತ ಗಾರೆಯವರನ್ನು ಕರೆದು ರಸಮಟ್ಟ ಇಡಿಸಿ ನೋಡಿದೆ. ನೆಲ ನೆಟ್ಟಗಿತ್ತು. ಇನ್ನುಳಿದದ್ದು ಎಣ್ಣೆ. ಎಣ್ಣೆ ಬಿಡುವವರು ಅಣ್ಣ.

ಒಳಗೊಳಗೇ ಒಂದು ಹುಳ ಕೊರೆಯುತ್ತಿತ್ತು. ಅಪ್ಪ ಇದ್ದಾಗ ಆಗದ್ದು ಈಗ ಯಾಕೆ ಆಗುತ್ತಿದೆ? ಹೆಂಗಸು ಅಂತ ಸಸಾರ, ಮತ್ತೇನು! ಕೇಳುವವರಿಲ್ಲ ಅಂತ ಎಣ್ಣೆ ಬಿಡುವುದನ್ನೇ ಬಿಟ್ಟಿದ್ದಾರೆ. ಹಾಗಂದುಕೊಂಡು, ಹೇಳಲು ಈಗ ನಾಚಿಕೆಯಾಗುತ್ತದೆ, ಎಣ್ಣೆ ಡಬ್ಬದ ಒಳಗೆ ಮೊಳೆಯಿಂದ ಗೀಟು ಹಾಕಿಟ್ಟೆ. ವಾರ ಕಳೆದು ನೋಡಿದರೆ ಎಣ್ಣೆ ಕಮ್ಮಿಯಾಗಿತ್ತು. ಕಮ್ಮಿ ಅಂದರೆ ಅಪ್ಪ ಒಂದು ತಿಂಗಳು ಖರ್ಚು ಮಾಡುತ್ತಿದ್ದಷ್ಟು! ಅಲ್ಲಿಗೆ ನನ್ನ ಅನುಮಾನ ಸುಮ್ಮನಾಗಬೇಕಿತ್ತು. ಆಗಲಿಲ್ಲ, ದಾರಿ ಬದಲಾಯಿಸಿತು. ಮೆಷಿನ್ನಿಗೆ ಬಿಡದ ಎಣ್ಣೆ ಎಲ್ಲಿಗೆ ಹೋಗುತ್ತಿದೆ?

ಮೂರನೆಯ ಬುಷ್ ಟಕ್ ಟಕ್ ಅನ್ನುತ್ತಿದ್ದ ದಿನ, ಹಾಜರಿ ಪುಸ್ತಕಕ್ಕೆಂದು ಬಂದಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಎದುರಿಗೇ ಕೇಳಿಬಿಟ್ಟೆ. "ಅಣ್ಣಾ, ಎಣ್ಣೆ ಯಾರ ಮನೆಗೆ ಹೋಗ್ತಿದೆ?"

ಅವರು ಕೈಯಲ್ಲಿದ್ದ ಹಾಳೆ ಕೆಳಗಿಟ್ಟರು. "ಎಣ್ಣೆ ಮೆಷಿನ್ಗೇ ಹೋಗೈತೆ ಅಮ್ಮಣ್ಣಿ."

"ಮೆಷಿನ್ ಕುಡಿದಿದ್ರೆ ಬುಷ್ ಯಾಕೆ ಸವೀತಿತ್ತು?"

ಅವರು ಏನೋ ಹೇಳಲು ಬಾಯಿ ತೆರೆದು ತಲೆ ತಗ್ಗಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಅದೇ ಇದು ಅಂದುಕೊಂಡೆ. ರೈಟರ್ ಬೇರೆ ನಕ್ಕು, "ನಮ್ ಸ್ಟೋರಲ್ಲೂ ಇದೇ ಕತೆ ಕಣ್ರೀ" ಅಂದರು. ಅಣ್ಣ ಸೀಮೆಎಣ್ಣೆಯಲ್ಲಿ ಕೈ ತೊಳೆದುಕೊಂಡು, ಟವೆಲ್ ಹೆಗಲಿಗೆ ಹಾಕಿಕೊಂಡು, ನನ್ನ ಕಡೆ ನೋಡದೆ ಬಸ್‌ಸ್ಟ್ಯಾಂಡಿಗೆ ನಡೆದರು. ಹೋಗಲಿ ಅಂದೆ.

ಹೊಸ ಬುಷ್ ಕೂರಿಸಿ ನಾನೇ ಮೆಷಿನ್ ಮುಂದೆ ನಿಂತೆ. ಸಣ್ಣವಳಿದ್ದಾಗಲೇ ಹಾಳೆ ಕೊಡುವುದು ಕಲಿತಿದ್ದೆ. ದಿನಾ ಬೆಳಿಗ್ಗೆ ನನ್ನ ಕೈಯಾರೆ ಅಳೆದು ಎಣ್ಣೆ ಬಿಟ್ಟೆ. ನೋಡೋಣ, ಈಗ ಹೇಗೆ ಸವೆಯುತ್ತದೆ ಅಂತ.

ಮೂರು ವಾರ ಆಗಿರಬೇಕು. ಕೆ. ಹೊಸಕೋಟೆಯ ಒಂದು ಮದುವೆಯ ಕಾಗದ ಓಡುತ್ತಿತ್ತು. ಟಕ್. ಕಿವಿ ನಿಮಿರಿತು. ಭ್ರಮೆ ಅಂದುಕೊಂಡೆ. ಮತ್ತೆ ಟಕ್. ಮೆಷಿನ್ ನಿಲ್ಲಿಸಿ ಫ್ಲೈವೀಲ್ ಹಿಡಿದು ಅಲುಗಾಡಿಸಿದರೆ ಎಡಗಡೆ ಶಾಫ್ಟು ಕೈಗೆ ಸಿಗುವಷ್ಟು ಆಡುತ್ತಿತ್ತು. ಎಣ್ಣೆ ಬಿಟ್ಟವಳು ನಾನು, ಓಡಿಸಿದವಳು ನಾನು, ಬಾಗಿಲ ಬೀಗವೂ ನನ್ನ ಹತ್ತಿರವೇ ಇತ್ತು. ಬೈಯುವುದಕ್ಕೆ ಆ ಕೋಣೆಯಲ್ಲಿ ಇನ್ನೊಬ್ಬರು ಇರಲಿಲ್ಲ.

ಬುಷ್ ಬಿಚ್ಚಿಸಿ, ಒರೆಸದೆ ಹಾಗೇ ಕಾಗದದಲ್ಲಿ ಸುತ್ತಿಕೊಂಡು ಸಕಲೇಶಪುರದ ಬಸ್ ಹತ್ತಿದೆ. ಲೇತಿನವನು ಒಳಗಿದ್ದ ಕಪ್ಪು ಜಿಡ್ಡನ್ನು ಬೆರಳಲ್ಲಿ ತೆಗೆದು ಉಜ್ಜಿ ನೋಡಿದ. "ಎಣ್ಣೆ ಚೆನ್ನಾಗೇ ಬುಟ್ಟಿದೀರ. ಆದ್ರೆ ಇದ್ರಾಗೆ ಬೂದಿ ಐತೆ ಮಾರಾಯ್ರೆ. ಪಾತ್ರೆ ತಿಕ್ಕಿದಂಗೆ ತಿಕ್ಕೈತೆ ನೋಡಿ. ಮೆಷಿನ್ ಪಕ್ಕ ಒಲೆ ಗಿಲೆ ಹಚ್ತೀರಾ?"

"ಅಯ್ಯೋ, ಪ್ರೆಸ್ಸಲ್ಲಿ ಒಲೆ ಎಲ್ಲಿಂದ ಬರುತ್ತೆ?" ಅಂತ ಅವನ ಮೇಲೇ ರೇಗಿ ಬಂದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಬಾಗಿಲು ತೆಗೆದು, ನೀರು ಚಿಮುಕಿಸಿ, ಎರಡು ಊದುಬತ್ತಿ ಹಚ್ಚಿ ಮೆಷಿನ್ನಿಗೆ ಬೆಳಗಿದೆ. ಅಪ್ಪ ಗೋಡೆಯ ದೇವರ ಪಟಕ್ಕೆ ಮಾತ್ರ ಹಚ್ಚುತ್ತಿದ್ದರು. ಅನ್ನ ಹಾಕುವುದು ಮೆಷಿನ್ನೇ ಅಲ್ಲವೇ ಅಂತ ಅದಕ್ಕೂ ಪೂಜೆ ಶುರುಮಾಡಿದವಳು ನಾನು, ಕುರ್ಚಿಯಲ್ಲಿ ಕೂತ ಮೊದಲ ದಿನದಿಂದ. ಬೆಳಗಿ ಮುಗಿಸಿ, ಬಾಗಿಲಿನ ಕಡೆಗಿದ್ದ ಎಡಭಾಗದಲ್ಲಿ, ಊದುಬತ್ತಿ ನಿಲ್ಲಿಸಲು ಹೇಳಿ ಮಾಡಿಸಿದಂತಿದ್ದ ತೂತಿನ ಕಡೆಗೆ ಕೈ ತಾನಾಗಿ ಹೋಯಿತು. ಮುಚ್ಚಳ ಎಂದೋ ಕಳೆದುಹೋಗಿದ್ದ ಎಣ್ಣೆ ತೂತು ಅದು. ಬುಷ್ಷಿನ ನೆತ್ತಿಯ ಮೇಲೇ ಇತ್ತು. ಸುತ್ತ ನಿನ್ನೆ ಮೊನ್ನೆಯ ಬೂದಿ. ಅದನ್ನು ಒರೆಸದೆ, ದೇವರದ್ದು ಅಂತ ಹಾಗೇ ಬಿಟ್ಟು, ಕಡ್ಡಿ ಕಿತ್ತು ಅದರ ಮೇಲೇ ನಾನು ಎಣ್ಣೆ ಬಿಡುತ್ತಿದ್ದೆ.

ಕೂತುಬಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ, ಅದೂ ಹದಿನೆಂಟು ವರ್ಷ ದುಡಿದವರಿಗೆ.

ಮಗ್ಗೆಯ ಬಸ್ಸಿನಲ್ಲಿ ಕೂತಾಗ ಒಂದು ಲೆಕ್ಕ ಮಾತ್ರ ತಲೆಗೆ ಹತ್ತಲಿಲ್ಲ. ಬೂದಿ ಇಬ್ಬರ ಕಾಲಕ್ಕೂ ಒಂದೇ. ಅವರಿದ್ದಾಗ ನಾಲ್ಕು ತಿಂಗಳು ಬಂದದ್ದು ನನ್ನ ಕೈಯಲ್ಲಿ ಮೂರೇ ವಾರ ಯಾಕೆ?

ಅಣ್ಣ ಮನೆಯ ಮುಂದೆ ಗುದ್ದಲಿಗೆ ಕಾವು ಹಾಕುತ್ತಿದ್ದರು. ಎದ್ದು ನಿಂತರು, ಬನ್ನಿ ಅನ್ನಲಿಲ್ಲ. ನಿಂತಲ್ಲೇ ಎಲ್ಲಾ ಹೇಳಿದೆ. ಊದುಬತ್ತಿಯ ಮಾತು ಬಂದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ದಿನಾ ಕಾಣ್ತಿತ್ತು ಅಮ್ಮಣ್ಣಿ. ನಾನು ಬರೋ ಹೊತ್ಗೆ ಬತ್ತಿ ಇನ್ನೂ ಹೊಗೆ ಆಡ್ತಿರೋದು. ಆರಿದ ಮ್ಯಾಲೆ ಬೂದಿ ಒರೆಸಿ, ಕೆಳಗಿಂದ ಎಣ್ಣೆ ತಿಳಿಯಾಗಿ ಬರೋಗಂಟ ಬುಟ್ಟು ತೊಳೀತಿದ್ದೆ. ಅದ್ಕೇ ಅಷ್ಟು ಎಣ್ಣೆ ಹಿಡೀತಿತ್ತು."

ನಾನು ಗೀಟು ಹಾಕಿ ಹಿಡಿದ ಕಳ್ಳತನ ಅದು. "ಅವತ್ತೇ ಯಾಕೆ ಹೇಳಲಿಲ್ಲ?" ಅಂದೆ, ಆಗಲೂ ನನ್ನ ದನಿಯಲ್ಲಿ ಜೋರೇ ಇತ್ತು.

"ಪೂಜೆ ಬ್ಯಾಡ ಅನ್ನಕಾಯ್ತದಾ? ನೀವು ಆಗಿನ್ನೂ ಹೊಸದಾಗಿ ಕೂತಿದ್ರಿ. ಹೆಂಗಸು ಅಂತ ಎದುರು ಮಾತಾಡ್ತಾನೆ ಅಂದ್ಕೊಂಡ್ಬುಟ್ರೆ? ತೊಳುದ್ರೆ ಸರಿಹೋಯ್ತದೆ ಅಂದ್ಕೊಂಡೆ. ತಪ್ಪು ನಂದೂ ಐತೆ."

ನನ್ನ ಮನಸ್ಸು ಅವರಿಗೆ ನನಗಿಂತ ಮೊದಲೇ ತಿಳಿದಿತ್ತು. ತಪ್ಪಾಯ್ತು ಅಣ್ಣಾ, ಬನ್ನಿ ಅಂದೆ.

"ಬರ್ತೀನಿ. ಆದ್ರೆ ಎಣ್ಣೆ ಕಳ್ಳ ಅಂತ ನಮ್ಮೂರ್ಗಂಟ ಬಂದೈತೆ ಮಾತು. ಮಗಳ ಮನೇಲೂ ಕೇಳುದ್ರು. ಇಲ್ಲಿ ನನ್ನೊಬ್ನಿಗೆ ಹೇಳುದ್ರೆ ಏನಾಯ್ತದೆ? ಆ ರೈಟರ್ ಮುಂದೆ ಹೇಳಿ."

ಸೋಮವಾರ ರೈಟರ್ ಬಂದರು. ಹೊಸ ಬುಷ್ ಕೂತಿತ್ತು, ಅಣ್ಣ ತೂಕದ ಚೀಟಿ ಓಡಿಸುತ್ತಿದ್ದರು. "ಏನು, ಮತ್ತೆ ಸೇರಿಸ್ಕೊಂಡ್ಬುಟ್ರಾ?" ಅಂತ ರೈಟರ್ ಕಣ್ಣು ಹೊಡೆದರು. ಮೆಷಿನ್ ಗಡಗಡ ಅನ್ನುತ್ತಿತ್ತು. ಆ ಸದ್ದಿನಲ್ಲೇ ಬೇಗ ಹೇಳಿ ಮುಗಿಸಿಬಿಡೋಣ ಅಂತ ನಾನು ಬಾಯಿ ತೆರೆದೆ.

ಅಣ್ಣ ಕೈ ಚಾಚಿ ಸ್ವಿಚ್ಚು ಆರಿಸಿದರು. ಫ್ಲೈವೀಲ್ ನಿಧಾನಕ್ಕೆ ತಿರುಗಿ ನಿಂತಿತು. ಪಕ್ಕದ ಹೋಟೆಲಿನಲ್ಲಿ ಲೋಟ ತೊಳೆಯುವ ಸದ್ದೂ ಕೇಳುತ್ತಿತ್ತು.

"ಈಗ ಹೇಳಿ ಅಮ್ಮಣ್ಣಿ" ಅಂದರು.

ಹೇಳಿದೆ.